‘ಪತ್ತೆಯಾಗಿಲ್ಲ’ ಎಂದು ಸಹಿ ಮಾಡಿದವಳು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಒಂದು ಮಾತು ತಿಳಿದಿರಬೇಕು. ಗಾಳಿಯಲ್ಲಿ ವಿಷ ಇದೆಯೋ ಇಲ್ಲವೋ ಎಂದು ಯಂತ್ರವನ್ನು ಕೇಳುವ ಮುಂಚೆ, ಆ ಗಾಳಿ ಕುಡಿದು ಬದುಕಿದವರನ್ನು ಕೇಳಬೇಕು. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ನಾನೇ ಕಲಿತೆ. ಕಲಿಯುವುದರೊಳಗೆ ಆಗಬಾರದ್ದು ಆಗಿಹೋಗಿತ್ತು.

ನನ್ನ ಹೆಸರು ಮುಮತಾಜ್. ಊರು ನವಲಗುಂದ. ಮನೆಯಲ್ಲಿ ಅಜ್ಜಿ, ಅವ್ವ, ಇಬ್ಬರು ಅತ್ತಿಗೆಯರು ಜಮಖಾನ ನೇಯುತ್ತಿದ್ದರು. ಆ ವಿದ್ಯೆಯನ್ನು ನಮ್ಮಲ್ಲಿ ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳಿಗೆ ಕಲಿಸಿದರೆ ಅದು ಬೀಗರ ಮನೆ ಸೇರುತ್ತದೆ ಎಂಬ ಲೆಕ್ಕ. ಹಾಗಾಗಿ ಮಗ್ಗದ ಹತ್ತಿರ ನನಗೆ ಜಾಗವಿರಲಿಲ್ಲ. ಸಾಲಿಗೆ ಹೋದೆ, ಹುಬ್ಬಳ್ಳಿಗೆ ಬಸ್ಸಿನಲ್ಲಿ ಓಡಾಡಿ ರಸಾಯನಶಾಸ್ತ್ರ ಓದಿದೆ, ಕಾರ್ಖಾನೆ ಮತ್ತು ಗೋದಾಮುಗಳ ಗಾಳಿ ಪರೀಕ್ಷಿಸುವ ಒಂದು ಸಣ್ಣ ಸರಕಾರಿ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದೆ. ಆಮೇಲೆ ಏನೇನು ಹುದ್ದೆ ಏರಿದೆ ಎಂಬುದನ್ನು ಬಿಡಿ. ಕುರ್ಚಿ ಬದಲಾಯಿತು, ಕೆಲಸ ಅದೇ ಇತ್ತು.

ಮೊದಲಿಗೆ ನಮ್ಮ ಹತ್ತಿರ ಇದ್ದದ್ದು ಗಾಜಿನ ಸಣ್ಣ ನಳಿಕೆಗಳು. ಅನುಮಾನವಿರುವ ಗಾಳಿಯನ್ನು ಅವುಗಳೊಳಗೆ ಎಳೆದರೆ ಪುಡಿಯ ಬಣ್ಣ ಬದಲಾಗುತ್ತಿತ್ತು. ಬಣ್ಣ ಎಲ್ಲಿಯವರೆಗೆ ಏರಿತು ಎಂದು ನೋಡಿ ಅಂದಾಜು ಮಾಡುತ್ತಿದ್ದೆವು. ನಾನು ಸೇರಿ ಕೆಲವು ವರ್ಷಗಳಾದ ಮೇಲೆ ಅವಕೆಂಪು ರೋಹಿತದ ಮಶೀನು ಬಂತು. ಅದರ ಲೆಕ್ಕ ಹೇಳುವುದಕ್ಕೆ ಸುಲಭ. ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕನ್ನು ಗಾಳಿ ತುಂಬಿದ ಒಂದು ಕೊಳವೆಯಲ್ಲಿ ಕನ್ನಡಿಗಳ ನಡುವೆ ಹತ್ತಾರು ಸಲ ಓಡಾಡಿಸುತ್ತದೆ. ಒಂದೊಂದು ಅನಿಲವೂ ಆ ಬೆಳಕಿನಲ್ಲಿ ತನ್ನ ಪಾಲಿನದನ್ನಷ್ಟೇ ನುಂಗುತ್ತದೆ. ನುಂಗಿದ ಕಡೆ ಕಾಗದದ ಮೇಲೆ ಗೆರೆ ಏಳುತ್ತದೆ. ಗೆರೆ ಇರುವ ಸ್ಥಾನದಿಂದ ಯಾವ ಅನಿಲ ಎಂದು ತಿಳಿಯುತ್ತದೆ, ಎತ್ತರದಿಂದ ಎಷ್ಟು ಎಂದು ತಿಳಿಯುತ್ತದೆ. ಮೂಗಿಗೆ ಸಿಗದಷ್ಟು ಸ್ವಲ್ಪ ಇದ್ದರೂ ಸಿಗುತ್ತದೆ ಎಂದು ಮಾರಲು ಬಂದವರು ಹೇಳಿದ್ದರು.

ಆ ಮಶೀನನ್ನು ನಮಗೆ ಕಲಿಸಿದವರು ನಮ್ಮ ಮೇಲಧಿಕಾರಿ ಇನಾಮದಾರ ಸಾಹೇಬರು. ಅವರ ಹೆಸರನ್ನು ಇಲ್ಲಿ ಬದಲಿಸಿದ್ದೇನೆ, ನನ್ನದನ್ನು ಬದಲಿಸಿಲ್ಲ. ಒಳ್ಳೆಯ ಗುರು. ಕೆಟ್ಟವರ ಕೈಯಲ್ಲಿ ಕೆಲಸ ಮಾಡಿದೆ ಎಂದು ಬರೆದಿದ್ದರೆ ಈ ಬರಹ ನನಗೆ ಹಗುರಾಗುತ್ತಿತ್ತು. ಮಶೀನಿನ ಒಳಗಣ್ಣಿಗೆ ಅತಿ ತಂಪು ಬೇಕು, ದ್ರವ ಸಾರಜನಕ ಸುರಿಯಬೇಕು. ಅದು ನಮಗೆ ಸಿಗುತ್ತಿದ್ದದ್ದು ದನಗಳ ಕೃತಕ ಗರ್ಭಧಾರಣೆ ಕೇಂದ್ರದಲ್ಲಿ. ವಾರಕ್ಕೊಮ್ಮೆ ನಾನು, ನಮ್ಮ ಡ್ರೈವರ್ ಬಸಣ್ಣ ಕ್ಯಾನು ಹಿಡಿದುಕೊಂಡು ಎಮ್ಮೆ ಆಕಳುಗಳ ಸರತಿಯಲ್ಲಿ ನಿಲ್ಲುತ್ತಿದ್ದೆವು. ‘ಬಾಯಾರ, ನಿಮ್ಮ ಮಶೀನು ಗಬ್ಬ ಆಗಿ ಎಷ್ಟ ತಿಂಗಳಾತ್ರಿ?’ ಎಂದು ಅಲ್ಲಿಯ ಕಂಪೌಂಡರ್ ಕೇಳಿ ನಗುತ್ತಿದ್ದ.

ನನ್ನ ಮೊದಲ ತಪ್ಪು ನಗುವಂಥದ್ದೇ. ಆ ಕೊಳವೆಯ ತುದಿಗಳಿಗೆ ಇದ್ದದ್ದು ಗಾಜಲ್ಲ, ಉಪ್ಪಿನ ಜಾತಿಯ ಹರಳು. ಗಾಜು ಆ ಬೆಳಕನ್ನು ಬಿಡುವುದಿಲ್ಲ. ಧೂಳು ಕೂತಿದೆ ಎಂದು ನಾನು ಒದ್ದೆ ಅರಿವೆಯಿಂದ ಚೊಕ್ಕ ಒರೆಸಿಟ್ಟೆ. ಮರುದಿನ ಕಿಟಕಿ ಮಂಜು ಹಿಡಿದ ಹಾಗೆ ಬೆಳ್ಳಗಾಗಿತ್ತು. ಇನಾಮದಾರ ಸಾಹೇಬರು ಬಹಳ ಹೊತ್ತು ಅದನ್ನೇ ನೋಡಿ, ‘ಉಪ್ಪಿನ ಹರಳ ತೊಳದ್ರ ಉಪ್ಪ ಉಳಿತೈತೇನವಾ?’ ಎಂದರು. ಹೊಸ ಹರಳು ಬರುವವರೆಗೆ ನಾಲ್ಕು ತಿಂಗಳು ಮಶೀನು ಕುರುಡಾಗಿ ಕೂತಿತು. ನನ್ನ ಹೆಸರನ್ನು ಅವರು ಮೇಲಕ್ಕೆ ಬರೆಯಲಿಲ್ಲ, ‘ಹವಾಮಾನದ ತೇವದಿಂದ ಹಾಳಾಗಿದೆ’ ಎಂದು ಬರೆದರು. ಆ ಉಪಕಾರ ನನ್ನ ಮೇಲೆ ಇತ್ತು.

ಮಶೀನು ಮೊದಲು ಹೆಸರು ಮಾಡಿದ್ದು ಕುಂದಗೋಳದ ಕಡೆಯ ಒಂದು ಶೀತಗೃಹದಲ್ಲಿ. ಒಳಗೆ ಮೆಣಸಿನಕಾಯಿ ಚೀಲ, ಹೊರಗಿನ ಶೆಡ್ಡಿನಲ್ಲಿ ಕುಳಿತು ಕಾಯಿ ಆರಿಸುವ ಹೆಂಗಸರು. ಕಣ್ಣು ಉರಿಯುತ್ತವೆ, ಎದೆ ಹಿಡಿಯುತ್ತದೆ ಎಂದು ಅವರ ದೂರು. ಮಾಲಕ ನಮ್ಮನ್ನು ನೋಡಿ ನಕ್ಕ. ‘ಮೆಣಸಿನಕಾಯಿ ಘಾಟಿಗೆ ಕಣ್ಣ ಉರಿಲಾರದ ತಂಪಾಗತಾವೇನ್ರಿ?’

ಆರಿಸುತ್ತಿದ್ದವರಲ್ಲಿ ಒಬ್ಬ ಮುದುಕಿ ತಲೆ ಎತ್ತದೆ ಹೇಳಿದಳು. ‘ನಲವತ್ತ ವರ್ಷ ಆತ್ರಿ ಕಾಯಿ ಆರಿಸಾಕ ಹತ್ತಿ. ಕಾಯಿ ಘಾಟು ಯಾವುದು, ಇದ ಯಾವುದು ಅಂತ ನಮಗ ತಿಳಿಯಂಗಿಲ್ಲೇನು?’

ತಂದ ಗಾಳಿಯಲ್ಲಿ ಅಮೋನಿಯಾದ ಎರಡು ಗೆರೆ ಕೊಂಬಿನ ಹಾಗೆ ಎದ್ದು ನಿಂತವು. ತಂಪು ಮಾಡುವ ಕೊಳವೆ ಎಲ್ಲೋ ಸೋರುತ್ತಿತ್ತು. ವರದಿ ಹೋಯಿತು, ಕೊಳವೆ ದುರಸ್ತಿಯಾಯಿತು. ನಮ್ಮನ್ನು ಸಭೆ ಕರೆದು ಹೊಗಳಿದರು. ಆರು ತಿಂಗಳಾದ ಮೇಲೆ ಮತ್ತೆ ತಪಾಸಣೆಗೆ ಹೋದಾಗ ಆ ಶೆಡ್ಡಿನಲ್ಲಿ ಹಳೆಯ ಹೆಂಗಸರು ಒಬ್ಬರೂ ಇರಲಿಲ್ಲ. ದೂರು ಕೊಟ್ಟವರನ್ನು ಬಿಡಿಸಿ ಬೇರೆ ಊರಿಂದ ಟೆಂಪೋದಲ್ಲಿ ಕರೆತಂದಿದ್ದರು. ಅದನ್ನು ಬರೆಯಲು ನಮ್ಮ ನಮೂನೆಯಲ್ಲಿ ಜಾಗ ಇರಲಿಲ್ಲ. ನಾವೂ ಬರೆಯಲಿಲ್ಲ.

ಇಷ್ಟು ಹೇಳಿದ್ದು ಮುಂದಿನದನ್ನು ಹೇಳಲು ಧೈರ್ಯ ಬರಲಿ ಎಂದು.

ಅಣ್ಣಿಗೇರಿಯ ಕಡೆ ಒಂದು ಊರಲ್ಲಿ ಖಾಸಗಿ ಕಾಳಿನ ಗೋದಾಮು ಇತ್ತು. ಕಡಲೆ ಚೀಲಗಳ ಅಟ್ಟಿ. ಹುಳ ಬೀಳದಂತೆ ಅಟ್ಟಿಯ ಮೇಲೆ ತಾಡಪತ್ರಿ ಮುಚ್ಚಿ ಒಳಗೆ ಗುಳಿಗೆ ಇಡುತ್ತಾರೆ. ಗುಳಿಗೆ ಗಾಳಿಯ ತೇವಕ್ಕೆ ಕರಗುತ್ತ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ, ಕೊನೆಗೆ ಬೂದಿಯಂಥ ಪುಡಿಯಾಗಿ ಉಳಿಯುತ್ತದೆ. ಹುಳ ಸಾಯುತ್ತವೆ. ಮನುಷ್ಯ ಕುಡಿದರೆ ಮನುಷ್ಯನೂ ಸಾಯುತ್ತಾನೆ. ಗೋದಾಮಿನ ಹಿಂದಿನ ಗೋಡೆಗೆ ಹತ್ತಿಸಿ ಕಾವಲುಗಾರನಿಗೆ ಒಂದು ಖೋಲಿ ಕಟ್ಟಿಕೊಟ್ಟಿದ್ದರು. ಕಾವಲುಗಾರ ಫಕ್ಕೀರಪ್ಪ, ಹೆಂಡತಿ ನೀಲವ್ವ, ಆರು ವರ್ಷದ ಮಗಳು ರೇಣುಕಾ. ಖೋಲಿಯ ಮುಂದಿನ ಕಟ್ಟೆಯಲ್ಲಿ ಒಂದು ಎಮ್ಮೆ.

ಒಂದು ದಿನ ಮುಂಜಾನೆ ರೇಣುಕಾಗೆ ವಾಂತಿ ಶುರುವಾಯಿತು. ನೀಲವ್ವನಿಗೂ ಆಯಿತು. ಫಕ್ಕೀರಪ್ಪ ಅವತ್ತು ಬೇರೆ ಊರಿಗೆ ಹೋಗಿದ್ದ. ಹುಡುಗಿಯನ್ನು ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ನೀಲವ್ವ ಉಳಿದಳು. ಹಿಂದಿನ ದಿನದ ಕಡಲೆಹಿಟ್ಟಿನ ಜುಣಕ ಉಳಿದದ್ದನ್ನು ಹುಡುಗಿಗೆ ರೊಟ್ಟಿ ಜೋಡಿ ಕೊಟ್ಟಿದ್ದಳಂತೆ. ಹಳಸಿದ್ದು ತಿನ್ನಿಸಿದಳು ಎಂದು ಗೋದಾಮಿನವರು ಅಂದರು. ಅತ್ತೆ ಅಂದಳು. ಊರೇ ಅಂದಿತು. ನೀಲವ್ವನ ಅಣ್ಣನೊಬ್ಬ ಮಾತ್ರ ಪೊಲೀಸರ ಮುಂದೆ, ಗೋದಾಮಿನ ಗಾಳಿಯನ್ನೂ ನೋಡಬೇಕು ಎಂದು ಹಟ ಹಿಡಿದ. ಹಾಗಾಗಿ ನಮ್ಮನ್ನು ಕರೆದರು. ನಾವು ಹೋದದ್ದು ಮೂರನೇ ದಿನ.

ಗೋದಾಮಿನ ಬಾಗಿಲು, ಕಿಟಕಿ ಎಲ್ಲ ಹಾರು ಹೊಡೆದು ತೆರೆದಿಟ್ಟಿದ್ದರು. ತಾಡಪತ್ರಿ ಮಡಚಿ ಇಟ್ಟಿತ್ತು. ಒಳಗೆ ಗಾಳಿ ಬಯಲಿನಷ್ಟೇ ಚೊಕ್ಕ. ಆದರೆ ಖೋಲಿಗೆ ಪೊಲೀಸರು ಬೀಗ ಹಾಕಿದ್ದರು, ಅದರೊಳಗಿನ ಗಾಳಿ ಮಾತ್ರ ಉಳಿದಿತ್ತು. ಬೀಗ ತೆಗೆಸಿ ಪಂಪಿನಿಂದ ಎರಡು ಚೀಲ ಗಾಳಿ ತುಂಬಿಕೊಂಡೆ. ಗೋಡೆಯಲ್ಲಿ ಒಲೆಯ ಹಿಂದೆ ಬೆರಳು ಹೋಗುವಷ್ಟು ಬಿರುಕು ಇತ್ತು. ಗೋದಾಮಿನ ಆಚೆ ಬದಿಯಿಂದ ನೋಡಿದರೆ ಅದೇ ಬಿರುಕಿನ ಬುಡದಲ್ಲಿ ಬೂದಿಯಂಥ ಪುಡಿ ಬಿದ್ದಿತ್ತು.

‘ಇದೇನ್ರಿ?’ ಎಂದೆ ಗೋದಾಮಿನ ಮ್ಯಾನೇಜರನಿಗೆ.

‘ಇಲಿ ಔಷಧಾ ಇರಬೇಕ್ರಿ.’

ನಾನು ಪುಡಿಯನ್ನು ತೆಗೆದುಕೊಳ್ಳಲಿಲ್ಲ. ನಮಗೆ ಹೇಳಿದ್ದು ಗಾಳಿ ತರಲು. ನನ್ನ ಪೆಟ್ಟಿಗೆಯಲ್ಲಿ ಖಾಲಿ ಡಬ್ಬಿ ಇತ್ತು, ಕೈಯಲ್ಲಿ ಬಿಡುವೂ ಇತ್ತು. ಆದರೂ ತೆಗೆದುಕೊಳ್ಳಲಿಲ್ಲ. ಇಷ್ಟು ವರ್ಷ ಇದಕ್ಕೊಂದು ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ನೀಲವ್ವ ಕಟ್ಟೆಯ ತುದಿಗೆ ಕೂತಿದ್ದಳು. ಮೂವತ್ತರೊಳಗಿನ ಹೆಂಗಸು, ಇನ್ನೂ ಎದ್ದು ನಿಂತರೆ ತೂರಾಡುತ್ತಿದ್ದಳು. ನಾನು ಹತ್ತಿರ ಹೋದಾಗ ತಾನಾಗಿಯೇ ಹೇಳಿದಳು. ‘ಎರಡ ದಿನದಿಂದ ಬಳ್ಳೊಳ್ಳಿ ವಾಸನಿ ಬರಾಕತ್ತಿತ್ರಿ ಬಾಯಾರ. ಗ್ವಾಡಿ ಕಡಿಂದ.’

ಜೊತೆಗಿದ್ದ ಪೊಲೀಸ್ ಸಾಹೇಬ ನಕ್ಕ. ‘ಅಡಗಿ ಮನಿಯಾಗ ಬಳ್ಳೊಳ್ಳಿ ವಾಸನಿ ಬರದ ಏನ್ ಅತ್ತರದ ವಾಸನಿ ಬರತೈತೇನು?’

ಆಕೆ ನನ್ನ ಮುಖವನ್ನೇ ನೋಡಿದಳು. ‘ನಮ್ಮ ಮನಿಯಾಗ ಶ್ರಾವಣ ತಿಂಗಳ ಬಳ್ಳೊಳ್ಳಿ ತಿನ್ನಂಗಿಲ್ರಿ. ಮನಿಯಾಗ ಒಂದ ಪಕಳಿನೂ ಇರಲಿಲ್ಲ.’

ಫಾಸ್ಫೀನಿನ ವಾಸನೆ ಬೆಳ್ಳುಳ್ಳಿಯ ಹಾಗಿರುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಪುಸ್ತಕ ಓದದ ಹೆಂಗಸು ಅದನ್ನೇ ನನಗೆ ಹೇಳುತ್ತಿದ್ದಳು. ನಾನು ‘ಹೂಂ’ ಎಂದೆ. ಬರೆದುಕೊಳ್ಳಲಿಲ್ಲ. ವಾಸನೆ ಪುರಾವೆಯಲ್ಲ ಎಂದು ಕಲಿತಿದ್ದೆ.

ತಿರುಗಿ ಬರುವಾಗ ಜೀಪಿನ ಕುಲುಕಾಟಕ್ಕೆ ಒಂದು ಚೀಲದ ಮುಚ್ಚಳ ಸಡಿಲಾಗಿ ಗಾಳಿಯೆಲ್ಲ ಹೋಗಿತ್ತು. ಉಳಿದದ್ದು ಒಂದು. ಅದನ್ನು ಮಶೀನಿಗೆ ಕೊಟ್ಟೆ. ಕಾಗದದ ತುಂಬ ಅಮೋನಿಯಾದ ಗೆರೆಗಳು. ಕಟ್ಟೆಯ ಮೇಲಿನ ಎಮ್ಮೆಯ ಗಂಜಲದ್ದು. ಫಾಸ್ಫೀನಿನ ಒಂದು ಗೆರೆ ಕಾಗದದ ಅಳತೆಯಲ್ಲಿ ಒಂಬೈನೂರ ತೊಂಬತ್ತೆರಡರ ಹತ್ತಿರ ಬರುತ್ತದೆ, ಅಮೋನಿಯಾಕ್ಕೂ ಅಲ್ಲೇ ಒಂದು ಸಣ್ಣ ಗೆರೆ ಇದೆ. ಅದರ ಇನ್ನೊಂದು ಗುರುತು ಬರುವ ಕಡೆ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಅಡ್ಡ ನಿಲ್ಲುತ್ತದೆ. ಒಂದನ್ನು ಎಮ್ಮೆ ಮುಚ್ಚಿತ್ತು, ಇನ್ನೊಂದನ್ನು ಮನುಷ್ಯರ ಉಸಿರು ಮುಚ್ಚಿತ್ತು.

ಆದರೆ ಆ ತೊಂಬತ್ತೆರಡರ ಗೆರೆ ಇರಬೇಕಾದದ್ದಕ್ಕಿಂತ ದಪ್ಪಗಿತ್ತು. ನನ್ನ ಕಣ್ಣಿಗೆ ಬಿತ್ತು. ಕಾಗದ ತೆಗೆದುಕೊಂಡು ಇನಾಮದಾರ ಸಾಹೇಬರ ಹತ್ತಿರ ಹೋದೆ.

‘ಸರ್, ಈ ಗೆರಿ ಬಾಜೂದವುಕ್ಕಿಂತ ದಪ್ಪ ಐತ್ರಿ. ಬರೇ ಅಮೋನಿಯಾ ಆದ್ರ ಇಷ್ಟ ಇರಬಾರದು.’

ಅವರು ಕನ್ನಡಕ ಏರಿಸಿ ನೋಡಿದರು. ಅಳತೆಪಟ್ಟಿ ಇಟ್ಟು ನೋಡಿದರು. ತಾತ್ಸಾರ ಮಾಡಲಿಲ್ಲ.

‘ಕೋರ್ಟಿನ್ಯಾಗ ನಿಂತು, ಇದು ಅಮೋನಿಯಾದ್ದಲ್ಲ ಅಂತ ಆಣಿ ಮಾಡಿ ಹೇಳತಿಯೇನು?’

‘ಇಲ್ರಿ.’

‘ಮತ್ತ?’

‘ಇನ್ನೊಂದು ಸ್ಯಾಂಪಲ್ ತರೂಣ್ರಿ.’

‘ಖೋಲಿ ಬೀಗಾ ನೀವ ತಗಿಸಿ ಬಂದೀರಿ. ಇವತ್ತಿಗೆ ಅಲ್ಲಿ ಏನ ಉಳದೈತಿ ತರಾಕ?’ ಕಾಗದವನ್ನು ನನ್ನ ಕಡೆ ಸರಿಸಿದರು. ‘ಅನುಮಾನಾನ ವರದಿಯಾಗ ಬರಿಬಾರದವಾ. ಖಾತ್ರಿ ಇದ್ದದ್ದ ಬರಿಬೇಕು. ಖಾತ್ರಿ ಇಲ್ಲಾ? ಪತ್ತೆಯಾಗಿಲ್ಲ. ಮುಗೀತು.’

‘ಅನುಮಾನ ಐತಿ ಅಂತ ಒಂದ ಸಾಲ ಕೆಳಗ ಬರದ್ರ?’

‘ಆ ಸಾಲ ಹಿಡಕೊಂಡು ವಕೀಲ್ರು ನಿನ್ನ ಹರದು ಹಾಕತಾರ. ಮಶೀನಿನ ಹೆಸರೂ ಹೋಗತೈತಿ.’

ನಾನು ಹೆದರಿದೆ ಎಂದು ಹೇಳಿದರೆ ನೀವು ನನ್ನನ್ನು ಕ್ಷಮಿಸಬಹುದು. ಆದರೆ ನಾನು ಹೆದರಿರಲಿಲ್ಲ. ಅವತ್ತು ಶುಕ್ರವಾರ. ಮರುದಿನ ನವಲಗುಂದದಲ್ಲಿ ತಮ್ಮನ ಮಗಳ ನಿಶ್ಚಯ. ಐದು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಬಹಳ ತಡ. ವರದಿಯ ನಮೂನೆಯಲ್ಲಿ ‘ವಿಷಾನಿಲ: ಪತ್ತೆಯಾಗಿಲ್ಲ’ ಎಂದು ಬರೆದೆ, ಸಹಿ ಮಾಡಿದೆ, ಬಸ್ಸು ಹಿಡಿದೆ. ನಿಶ್ಚಯದ ಊಟ ಚಲೋ ಆಯಿತು.

ಶವಪರೀಕ್ಷೆಯಲ್ಲೂ ಖಚಿತ ಕಾರಣ ಸಿಗಲಿಲ್ಲ. ಎಲ್ಲ ಕಾಗದಗಳು ಸೇರಿ ಹಳಸಿದ ಆಹಾರದ ಕಡೆಗೇ ಬೆರಳು ಮಾಡಿದವು. ಕೇಸು ಮುಚ್ಚಿತು.

ಏಳೆಂಟು ತಿಂಗಳ ಮೇಲೆ ಒಂದು ಮಧ್ಯಾಹ್ನ ನೀಲವ್ವ ಪ್ರಯೋಗಾಲಯಕ್ಕೆ ಬಂದಳು. ಒಬ್ಬಳೇ. ನಮ್ಮ ವರದಿಯ ಝೆರಾಕ್ಸ್ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದಳು. ನನ್ನ ಮೇಜಿನ ಮುಂದೆ ನಿಂತು ಅದನ್ನು ಬಿಚ್ಚಿದಳು.

‘ಇದರಾಗ ಏನ ಬರದೀರಿ ಬಾಯಾರ? ಒಬ್ಬಬ್ಬರು ಒಂದೊಂದ ಹೇಳತಾರ. ಬರದಾಕಿ ನೀವ ಅಂತ, ನಿಮ್ಮನ್ನ ಕೇಳೂಣು ಅಂತ ಬಂದೆ.’

‘ಪತ್ತೆಯಾಗಿಲ್ಲ ಅಂತ ಬರದೈತಿ.’

‘ಅಂದ್ರ ಇರಲಿಲ್ಲಂತೇನ್ರಿ?’

‘ನಮಗ ಸಿಗಲಿಲ್ಲ ಅಂತ’ ಎಂದೆ.

‘ಸಿಗಲಿಲ್ಲ ಅನ್ನೂದಕ್ಕೂ ಇರಲಿಲ್ಲ ಅನ್ನೂದಕ್ಕೂ ಫರಕ್ ಐತಿ ಅಲ್ರಿ?’

ನಮ್ಮ ಶಾಸ್ತ್ರದ ಅತ್ಯಂತ ಮುಖ್ಯವಾದ ಪಾಠ ಅದು. ಅದನ್ನು ತಿಳಿಯಲು ನಾನು ಪದವಿ ಮಾಡಿ ತರಬೇತಿಗೆ ಹೋಗಿಬರಬೇಕಾಯಿತು. ಆಕೆ ನಿಂತ ಕಾಲಮೇಲೆ ಹೇಳಿದಳು.

‘ಐತಿ’ ಎಂದೆ.

‘ಹಂಗಾದ್ರ ಅದನ್ನ ಇದರ ಮ್ಯಾಲೆ ಬರದ ಕೊಡ್ರಿ. ನಮ್ಮವರು ನನ್ನ ಬಿಟ್ಟಾರ್ರಿ. ಮಗಳನ್ನ ಉಣಿಸಿ ಕೊಂದಾಕಿ ಅಂತಾರ. ಸರಕಾರನ ಹೇಳೇತಿ, ಗಾಳಿಯಾಗ ಏನೂ ಇರಲಿಲ್ಲ ಅಂತ ಈ ಕಾಗದಾ ತೋರಸ್ತಾರ.’

ಅಷ್ಟರಲ್ಲಿ ಇನಾಮದಾರ ಸಾಹೇಬರು ಬಾಗಿಲಿಗೆ ಬಂದು ನಿಂತಿದ್ದರು. ವರದಿ ಒಮ್ಮೆ ಹೋದ ಮೇಲೆ ತಿದ್ದಲು ಬರುವುದಿಲ್ಲವೆಂದು ಆಕೆಗೆ ಸಮಾಧಾನದಿಂದಲೇ ತಿಳಿಹೇಳಿದರು. ನೀರು ಕೊಡಿಸಿದರು. ಬಸಣ್ಣನಿಗೆ ಹೇಳಿ ಬಸ್ ನಿಲ್ದಾಣದವರೆಗೆ ಜೀಪಿನಲ್ಲಿ ಬಿಡಿಸಿದರು. ನಾನು ತಲೆ ತಗ್ಗಿಸಿ ಬೇರೆ ಯಾವುದೋ ಕಾಗದ ಬರೆಯುತ್ತಿದ್ದೆ. ಏನು ಬರೆದೆನೋ ನೆನಪಿಲ್ಲ.

ಅದಾದ ಮೇಲೆ ನಾನು ಸ್ವಲ್ಪ ಒರಟಾದೆ. ಇನಾಮದಾರ ಸಾಹೇಬರು ನಿವೃತ್ತರಾಗಿ ಬೇರೆಯವರು ಬಂದರು. ಅವರ ಕಾಲದಲ್ಲಿ ಒಂದು ಊರ ಕುಡಿಯುವ ನೀರಿನ ಘಟಕದಲ್ಲಿ ಕ್ಲೋರಿನ್ ಸೋರಿತು. ಹತ್ತಿರದ ಜನ ಕೆಮ್ಮಿ ಕೆಮ್ಮಿ ಮನೆ ಬಿಟ್ಟು ಓಡಿದ್ದರು. ಮಶೀನು ತೆಗೆದುಕೊಂಡು ಹೋಗಿ ಎಂದು ಹೊಸ ಸಾಹೇಬರು ಅಪ್ಪಣೆ ಮಾಡಿದರು. ಒಂದೇ ಜಾತಿಯ ಎರಡು ಪರಮಾಣು ಕೂಡಿ ಆದ ಅನಿಲ ಈ ಬೆಳಕನ್ನು ನುಂಗುವುದೇ ಇಲ್ಲ, ಕ್ಲೋರಿನ್ ಆ ಜಾತಿಯದು, ಮಶೀನಿಗೆ ಅದು ಕಾಣುವುದಿಲ್ಲ ಎಂದು ಹೇಳಿದೆ.

‘ಕಾಣೂದಿಲ್ಲಾ? ಚಲೋ ಆತಲ್ಲ. ಪತ್ತೆಯಾಗಿಲ್ಲ ಅಂತ ಬರದ್ರ ಸುಳ್ಳೇನಾತು?’ ಎಂದರು.

‘ಸುಳ್ಳಲ್ರಿ. ಮೋಸ’ ಎಂದೆ. ‘ನಾ ಸಹಿ ಮಾಡಂಗಿಲ್ಲ.’

ಮಾಡಲಿಲ್ಲ. ಬೇರೆಯವರು ಮಾಡಿದರು. ಆ ವರ್ಷದ ನನ್ನ ಗೋಪ್ಯ ವರದಿಯಲ್ಲಿ ‘ಸಹಕಾರ ಮನೋಭಾವ ಕಡಿಮೆ’ ಎಂದು ಬಂತು. ಮುಂಚೆಯೇ ಹಾಗೆ ಬರಬೇಕಾಗಿತ್ತು.

ನಿವೃತ್ತಿಗೆ ಮೂರು ವರ್ಷ ಇರುವಾಗ ಮಶೀನು ಬದಲಾಯಿತು. ಹೊಸ ಕಂಪ್ಯೂಟರಿನಲ್ಲಿ ಒಂದು ಅನಿಲದ ಗೆರೆಗಳನ್ನು ಅಳೆದು ಪೂರ್ತಿ ಕಳೆದುಹಾಕಿ ಉಳಿದದ್ದನ್ನು ನೋಡುವ ಸೌಲಭ್ಯವಿತ್ತು. ಅಭ್ಯಾಸಕ್ಕೆಂದು, ಹಳೆಯ ಮಶೀನು ಫ್ಲಾಪಿಗಳಲ್ಲಿ ಉಳಿಸಿಟ್ಟಿದ್ದ ಫೈಲುಗಳನ್ನು ಅದಕ್ಕೆ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಆ ಖೋಲಿಯ ಗಾಳಿಯ ಫೈಲು ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ, ಸಂಖ್ಯೆ ಬಾಯಿಪಾಠವಿತ್ತು. ಅಮೋನಿಯಾವನ್ನು ಕಳೆದೆ. ಗೆರೆಗಳ ಕಾಡು ಮಾಯವಾಗಿ ಎರಡು ಗೆರೆ ಉಳಿದವು. ಒಂದು ಒಂಬೈನೂರ ತೊಂಬತ್ತೆರಡರಲ್ಲಿ, ಇನ್ನೊಂದು, ಮೊದಲು ಅಮೋನಿಯಾದಲ್ಲಿ ಪೂರ್ತಿ ಮುಳುಗಿದ್ದದ್ದು, ಸಾವಿರದ ನೂರ ಹದಿನೆಂಟರಲ್ಲಿ. ಎರಡೂ ಒಟ್ಟಿಗೆ ಇರುವುದು ಫಾಸ್ಫೀನಿಗೆ. ಮೂರು ಸಲ ತಿರುಗಿ ಮಾಡಿದೆ. ಮೂರೂ ಸಲ ಅವು ಅಲ್ಲೇ ಇದ್ದವು.

ಇನಾಮದಾರ ಸಾಹೇಬರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿದರು.

‘ಆ ಹುಡುಗಿ ಹೆಸರು ರೇಣುಕಾ ಅಲ್ಲಾ?’ ಎಂದರು.

‘ಹೌದ್ರಿ.’

‘ನಾ ನಿಯಮದ ಪ್ರಕಾರ ಮಾಡೀನಿ, ಮುಮತಾಜ್. ಆಗಿನ ಮಶೀನಿನ್ಯಾಗ ಇದ್ದದ್ದ ಅಷ್ಟು. ನೀ ಏನಾರ ಮಾಡು. ನನ್ನ ಹೆಸರ ತಗೀಬ್ಯಾಡ.’

ಆಫೀಸಿನಲ್ಲಿ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ. ‘ಪ್ರಕರಣ ಮುಕ್ತಾಯವಾಗಿದೆ. ಕಡತದಲ್ಲಿಡಿ’ ಎಂದು ತಿರುಗಿ ಬಂತು. ಕಡತದಲ್ಲಿಟ್ಟೆ. ಮತ್ತೆ ಮೂರು ವರ್ಷ ಕೂತೆ. ಬಾಯಿಬಿಟ್ಟರೆ ವಿಚಾರಣೆ ನಡೆಸುತ್ತಾರೆ, ನಿವೃತ್ತಿ ಕೆಡುತ್ತದೆ ಎಂಬ ಭಯ. ಈ ಸಲ ಖರೇ ಭಯವೇ. ಶಾಲು ಹೊದಿಸಿ ಕಳಿಸಿಕೊಟ್ಟರು. ನನ್ನ ‘ನಿಖರತೆ’ಯನ್ನು ಹೊಗಳಿ ಒಬ್ಬರು ಮಾತಾಡಿದರು.

ನಿವೃತ್ತಿಯಾದ ಎರಡನೆಯ ತಿಂಗಳು ನೀಲವ್ವನನ್ನು ಹುಡುಕಿಕೊಂಡು ಹೋದೆ. ಸಂಶಿ ಎಂಬ ಊರಲ್ಲಿ ಅಣ್ಣನ ಮನೆಯಲ್ಲಿದ್ದಾಳೆ ಎಂದು ತಿಳಿಯಿತು. ಅವತ್ತು ಗಾಳಿ ಪರೀಕ್ಷೆಗೆ ಹಟ ಹಿಡಿದ ಅದೇ ಅಣ್ಣ, ಶಿವಲಿಂಗಪ್ಪ. ಬಾಗಿಲಲ್ಲಿ ನನ್ನನ್ನು ನೋಡಿ ನೀಲವ್ವ ತಕ್ಷಣ ಗುರುತು ಹಿಡಿದಳು. ಕೂದಲು ಅರ್ಧ ಬೆಳ್ಳಗಾಗಿತ್ತು.

‘ಮಶೀನಿನ ಬಾಯಾರು’ ಎಂದಳು ಅಣ್ಣನಿಗೆ. ನನಗೆ ಚಾಪೆ ಹಾಸಿದಳು.

ಪಡಸಾಲೆಯಲ್ಲಿ ಕೂತು ಎರಡು ಕಾಗದ ಬಿಡಿಸಿ ತೋರಿಸಿದೆ. ಇದು ಮೊದಲಿನದು, ಇದು ಈಗ ಕಳೆದು ನೋಡಿದ್ದು, ಈ ಎರಡು ಗೆರೆ ಕಾಳಿನ ಗುಳಿಗೆಯ ಗಾಳಿಯವು, ನಿನ್ನ ಅಡಿಗೆಯದ್ದಲ್ಲ ಎಂದು ಹೇಳಿದೆ. ಆಕೆ ಗೆರೆಗಳ ಮೇಲೆ ಬೆರಳು ಆಡಿಸಿದಳು.

‘ಇದು ಅವತ್ತ ನಿಮಗ ಗೊತ್ತಿತ್ತೇನ್ರಿ?’

‘ಗೊತ್ತಿರಲಿಲ್ಲ. ಅನುಮಾನ ಇತ್ತು.’

‘ಅನುಮಾನ ಇತ್ತು.’ ಅಷ್ಟನ್ನೇ ತಿರುಗಿ ಅಂದಳು. ‘ನಾ ಬಂದು ನಿಂತಾಗೂ ಇತ್ತು?’

‘ಇತ್ತು.’

ಶಿವಲಿಂಗಪ್ಪ ನಡುವೆ ಬಾಯಿ ಹಾಕಿದ. ‘ಈಗ ಇದನ್ನೆಲ್ಲಾ ತಗದು ಏನ ಮಾಡೂದೈತ್ರಿ. ಆಗಿದ್ದು ಆಗಿಹೋತು.’

‘ನೀ ಸುಮ್ಕಿರು ಅಣ್ಣಾ’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಜೋರಾಗಿ ಅಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ‘ಈ ಮನಿಯಾಗ ಹೊಲದ ಕೆಲಸಾ ನಂದು. ದನದ ಕೆಲಸಾ ನಂದು. ಅರಿವಿ, ಭಾಂಡೆ ಎಲ್ಲಾ ನಂದ್ರಿ. ಒಲಿ ಮುಂದ ಮಾತ್ರ ನನ್ನ ಕುಂಡ್ರಸಂಗಿಲ್ಲ. ಬೈಯಂಗಿಲ್ಲ, ಹೊಡ್ಯಂಗಿಲ್ಲ. ಬಾ ಅನ್ನಂಗಿಲ್ಲ ಅಷ್ಟ.’

ಒಳಬಾಗಿಲಲ್ಲಿ ನಿಂತಿದ್ದ ಅತ್ತಿಗೆ ತಲೆ ತಗ್ಗಿಸಿದಳು.

‘ಕನ್ನಡದಾಗ ಬರೀರಿ’ ಎಂದಳು ನೀಲವ್ವ. ‘ಗೆರಿ ಯಾರಿಗೆ ತಿಳಿತಾವ? ಆಕಿ ಹೆಸರ ಬರೀರಿ. ನಿಮ್ಮ ಹೆಸರ ಬರೀರಿ.’

ಆ ಕಾಗದದ ಹಿಂಬದಿಗೆ ಬರೆದೆ. ‘ರೇಣುಕಾ ತೀರಿಕೊಂಡದ್ದು ಉಂಡ ಅನ್ನದಿಂದಲ್ಲ. ಗೋದಾಮಿನಿಂದ ಗೋಡೆಯ ಬಿರುಕಿನಲ್ಲಿ ಬಂದ ವಿಷದ ಗಾಳಿಯಿಂದ. ಆಗ ಅನುಮಾನ ಇದ್ದೂ ಅದನ್ನು ಬರೆಯದೆ ಹೋದವಳು ನಾನು.’ ಕೆಳಗೆ ಸಹಿ ಮಾಡಿದೆ. ಆ ಗಾಳಿಯಿಂದಲೇ ಸತ್ತಳು ಎಂದು ಒಂದು ಕಾಗದದಿಂದ ಸಾಧಿಸಲಾಗದು ಎಂದು ನನ್ನೊಳಗಿನ ಪ್ರಯೋಗಾಲಯದ ಸಹಾಯಕಿ ಗೊಣಗುತ್ತಿದ್ದಳು. ಅವಳ ಮಾತು ಆ ದಿನ ಕೇಳಲಿಲ್ಲ.

ನೀಲವ್ವ ಕಾಗದವನ್ನು ಅಣ್ಣನ ಕೈಗೆ ಕೊಟ್ಟು ಓದಿಸಿದಳು. ಅವನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ರೇಣುಕಾ ಎಂಬಲ್ಲಿ ನಿಂತು ಮತ್ತೆ ಶುರು ಮಾಡಿದ. ಎರಡು ಸಲ ಓದಿಸಿದಳು.

ಅತ್ತಿಗೆ ಚಹಾ ಇಡಲು ತಿರುಗಿದಳು. ನೀಲವ್ವ ಎದ್ದು, ‘ನೀ ಕುಂಡ್ರು. ನಾ ಮಾಡತೇನಿ’ ಎಂದು ಒಳಗೆ ಹೋದಳು. ಅತ್ತಿಗೆ ಗಂಡನ ಮುಖ ನೋಡಿದಳು. ಯಾರೂ ತಡೆಯಲಿಲ್ಲ. ಒಳಗೆ ಸಕ್ಕರೆ ಡಬ್ಬಿ ಹುಡುಕಲು ಆಕೆಗೆ ಬಹಳ ಹೊತ್ತು ಹಿಡಿಯಿತು. ಯಾವ ಡಬ್ಬಿ ಎಲ್ಲಿದೆ ಎಂದು ಆಕೆಗೆ ಗೊತ್ತಿರಲಿಲ್ಲ, ಯಾರನ್ನೂ ಕೇಳಲೂ ಇಲ್ಲ.

ನಾಲ್ಕು ಕಪ್ಪು ತಂದಿಟ್ಟಳು. ನಾನು ಕುಡಿದೆ. ಅತ್ತಿಗೆ ನೆಲ ನೋಡುತ್ತ ಒಂದೇ ಉಸಿರಿಗೆ ಕುಡಿದಳು. ಶಿವಲಿಂಗಪ್ಪ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಒಮ್ಮೆ ಬಾಯಿಯ ಹತ್ತಿರ ತಂದು ಮತ್ತೆ ಇಳಿಸಿದ. ಚಹಾದ ಮೇಲೆ ಕೆನೆ ಕಟ್ಟಿತು. ನೀಲವ್ವ ತನ್ನ ಕಪ್ಪು ಮುಟ್ಟದೆ ಅವನನ್ನೇ ನೋಡುತ್ತಿದ್ದಳು. ಅವನು ಕುಡಿಯಲಿಲ್ಲ.

ಆಕೆ ಕಾಗದವನ್ನು ಸಣ್ಣಗೆ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಕಪ್ಪುಗಳನ್ನು ಕೂಡಿಸಿದಳು, ಅಣ್ಣನದನ್ನೂ. ನಾನು ಎದ್ದು ನಿಂತೆ. ಏನಾದರೂ ಅನ್ನುತ್ತಾಳೆಂದು ಕಾದೆ. ಬೈದಿದ್ದರೂ ನಡೆಯುತ್ತಿತ್ತು.

ನಮ್ಮ ಕಡೆ ಮನೆಗೆ ಬಂದವರಿಗೆ, ಅವರು ಎಂಥ ವೈರಿಯೇ ಆಗಿರಲಿ, ‘ಹೋಗಿ ಬರ್ರಿ’ ಎನ್ನುತ್ತಾರೆ. ಬರೇ ‘ಹೋಗ್ರಿ’ ಎನ್ನುವುದು ಕೆಟ್ಟದ್ದು.

ನೀಲವ್ವ ನನ್ನ ಚಪ್ಪಲಿಗಳನ್ನು ತಿರುಗಿಸಿ ಹೊಸ್ತಿಲ ಹೊರಗೆ ಇಟ್ಟಳು.

‘ಇನ್ನ ನೀವು ಹೋಗ್ರಿ ಬಾಯಾರ’ ಎಂದಳು.